ಸುರಂಗಗಳ ಮೇಲೆ ಜಿಐಎಸ್ ಪ್ರಾಜೆಕ್ಟ್: ಎಲ್ಲಿಂದ ಶುರು ಮಾಡಬೇಕು?

ಪೆರ್ಲದವಳು

ಎಲ್ಲರಿಗೂ ನಮಸ್ಕಾರ. ನಾನು ಎಂಎಸ್ಸಿ ಎರಡನೇ ವರ್ಷ, ಪರಿಸರ ವಿಜ್ಞಾನ. ಮನೆ ಪೆರ್ಲದ ಹತ್ತಿರ, ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತು. ಪ್ರಾಜೆಕ್ಟಿಗೆ ನಮ್ಮ ಕಡೆಯ ಸುರಂಗಗಳನ್ನು ಆರಿಸಿಕೊಂಡಿದ್ದೇನೆ. ಘಟ್ಟದ ಮೇಲಿನವರಿಗೆ ಗೊತ್ತಿರಲಿಕ್ಕಿಲ್ಲ, ಗುಡ್ಡದ ಮುರಕಲ್ಲನ್ನು (ಲ್ಯಾಟರೈಟ್) ಅಡ್ಡಕ್ಕೆ ಕೊರೆದು ನೀರು ತರುವ ಇಕ್ಕಟ್ಟಾದ ದಾರಿ ಅದು, ಒಬ್ಬರು ಒಳಗೆ ಹೋಗಿ ಬರುವಷ್ಟು ಜಾಗ. ನೀರು ತಾನಾಗಿ ಹರಿದು ಅಂಗಳದ ಟಾಂಕಿಗೆ ಬೀಳುತ್ತದೆ, ಪಂಪು ಬೇಡ, ಕರೆಂಟು ಬೇಡ. ಈಗ ಬೋರು ಜಾಸ್ತಿ ಆದ ಮೇಲೆ ಕೆಲವು ಒಣಗಿವೆ ಅಂತ ಊರಲ್ಲಿ ಹೇಳುತ್ತಾರೆ.

ಗೈಡ್ ಹತ್ತಿರ ಹೇಳಿದೆ. ಅವರು "ಒಳ್ಳೇ ವಿಷಯ, ಜಿಐಎಸ್ ಹಾಕಿ ಮಾಡಿ" ಅಂದರು. ಅಷ್ಟೇ. ನಮಗೆ ಜಿಐಎಸ್ (ಜಾಗದ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ನಕ್ಷೆಗೆ ಜೋಡಿಸುವುದು) ಒಂದು ಪೇಪರ್ ಇತ್ತು, ಆದರೆ ಲ್ಯಾಬಿನಲ್ಲಿ ಡೇಟಾ ಮೊದಲೇ ರೆಡಿ ಇರುತ್ತಿತ್ತು, ಹಾಳೆಯಲ್ಲಿ ಬರೆದ ಹಾಗೆ ಒಂದೊಂದೇ ಬಟನ್ ಒತ್ತಿದರೆ ಕೊನೆಗೆ ಬಣ್ಣದ ನಕ್ಷೆ ಬರುತ್ತಿತ್ತು. ಅದರಿಂದ ಸಂಶೋಧನೆ ಮಾಡುವುದು ಹೇಗೆ ಅಂತ ಯಾರೂ ಹೇಳಿಕೊಡಲಿಲ್ಲ.

ಮೊಬೈಲಿನಲ್ಲಿ ಒಂದಷ್ಟು ಸುರಂಗದ ಬಾಯಿಗಳ ಜಾಗ ಗುರುತು ಮಾಡಿ, ಎಕ್ಸೆಲ್‌ಗೆ ಹಾಕಿ, ಕ್ಯೂಜಿಐಎಸ್ ಸಾಫ್ಟ್‌ವೇರಿಗೆ ತಂದರೆ ಚುಕ್ಕಿಗಳೆಲ್ಲ ನಾರ್ವೆಯ ಮೇಲೆ ಸಮುದ್ರದಲ್ಲಿ ಬಿದ್ದಿವೆ. ಕನ್ನಡದಲ್ಲಿ ಬರೆದ ಮನೆ ಹೆಸರುಗಳೆಲ್ಲ ಪ್ರಶ್ನೆ ಚಿಹ್ನೆ ಆಗಿವೆ. ಇದು ಸರಿ ಮಾಡುವುದು ಹೇಗೆ? ಆರ್ಕ್‌ಜಿಐಎಸ್ ಸಾಫ್ಟ್‌ವೇರ್ ಇಲ್ಲದೆ ಆಗುತ್ತದಾ? ಪೈಥಾನ್ ಪ್ರೋಗ್ರಾಮಿಂಗ್ ಕಲಿಯಲೇ ಬೇಕಾ? ಮತ್ತೆ "ಸುರಂಗಗಳು ಎಲ್ಲಿ ಜಾಸ್ತಿ ಇವೆ, ಯಾಕೆ" ಅನ್ನುವುದು ಸಂಶೋಧನೆಯ ಪ್ರಶ್ನೆ ಅಂತ ಲೆಕ್ಕ ಆಗುತ್ತದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

---

ಹೊಳೆಬದಿ

ಮೊದಲು ಸಮುದ್ರದಿಂದ ಚುಕ್ಕಿಗಳನ್ನು ಮೇಲೆತ್ತೋಣ. ನಿಮ್ಮ ಊರು ಸುಮಾರು 12.6 ಉತ್ತರ, 75.1 ಪೂರ್ವ. ಎಕ್ಸ್ ಅಂದರೆ ರೇಖಾಂಶ, ವೈ ಅಂದರೆ ಅಕ್ಷಾಂಶ. ಅದು ಅದಲು ಬದಲಾಗಿದೆ, ಹಾಗಾಗಿ 75 ಡಿಗ್ರಿ ಉತ್ತರಕ್ಕೆ ಹೋಗಿ ಕೂತಿವೆ. ಇಂಪೋರ್ಟ್ ಮಾಡುವ ಕಿಟಕಿಯಲ್ಲಿ ಎರಡು ಕಾಲಂ ಬದಲಿಸಿದರೆ ಮುಗಿಯಿತು. ಎಲ್ಲರಿಗೂ ಆಗುವುದೇ.

ಪ್ರಶ್ನೆ ಚಿಹ್ನೆಗೆ ಕಾರಣ ಎಕ್ಸೆಲ್. ಸೇವ್ ಮಾಡುವಾಗ ಸಿಎಸ್‌ವಿ ಯುಟಿಎಫ್-8 ಅಂತ ಒಂದು ಆಯ್ಕೆ ಇದೆ, ಅದನ್ನೇ ಒತ್ತಿ. ಇನ್ನೊಂದು, ಶೇಪ್‌ಫೈಲ್ ಅನ್ನುವ ಫೈಲಿನ ಬಗೆ ಬಿಟ್ಟುಬಿಡಿ. ಲ್ಯಾಬಿನಲ್ಲಿ ಅದನ್ನೇ ಹೇಳಿಕೊಟ್ಟಿರುತ್ತಾರೆ, ಆದರೆ ಕನ್ನಡ ಬರೆಯುವವರಿಗೆ ಅದು ತಲೆನೋವು. ಅದರಲ್ಲಿ ಕಾಲಂ ಹೆಸರಿಗೆ ಹತ್ತು ಬೈಟ್ ಮಾತ್ರ ಜಾಗ, ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್ ಬೇಕು. "ಸುರಂಗ" ಅಂತ ಬರೆಯಲೂ ಜಾಗ ಸಾಲದು. ಜಿಯೋಪ್ಯಾಕೇಜ್ ಅಂತ ಸೇವ್ ಮಾಡಿ. ಎಲ್ಲ ಲೇಯರ್ (ನಕ್ಷೆಯ ಪದರ) ಒಂದೇ ಫೈಲಿನಲ್ಲಿ ಇರುತ್ತವೆ, ಪೆನ್‌ಡ್ರೈವಿನಲ್ಲಿ ಕೊಡುವಾಗ ಅರ್ಧ ಫೈಲು ಬಿಟ್ಟುಹೋಗುವ ಕಥೆ ಇಲ್ಲ.

ದೂರ, ವಿಸ್ತೀರ್ಣ ಅಳೆಯುವ ಮೊದಲು ಲೇಯರನ್ನು ಇಪಿಎಸ್‌ಜಿ 32643ಕ್ಕೆ ಬದಲಿಸಿ ಇನ್ನೊಂದು ಪ್ರತಿ ಇಟ್ಟುಕೊಳ್ಳಿ. ಅದು ಯುಟಿಎಂ 43 ಉತ್ತರ ಅನ್ನುವ, ಮೀಟರಿನಲ್ಲಿ ಅಳೆಯುವ ನಕ್ಷೆಯ ಪದ್ಧತಿಯ ಸಂಖ್ಯೆ, ಕಾಸರಗೋಡು ಅದರಲ್ಲೇ ಬರುತ್ತದೆ. ಮೊಬೈಲಿನಿಂದ ಬಂದದ್ದು 4326, ಅದರ ಅಳತೆ ಡಿಗ್ರಿಯಲ್ಲಿ. ಅದರ ಮೇಲೆ 500 ಅಂತ ಬಫರ್ (ಚುಕ್ಕಿಯ ಸುತ್ತಲಿನ ವಲಯ) ಹಾಕಿದರೆ ಸಾಫ್ಟ್‌ವೇರ್ 500 ಮೀಟರ್ ಅಂತ ಓದುವುದಿಲ್ಲ, 500 ಡಿಗ್ರಿ ಅಂತ ಓದುತ್ತದೆ. ಭೂಮಿ ಇರುವುದೇ 360.

ಆರ್ಕ್‌ಜಿಐಎಸ್ ಬೇಡ. ಕ್ಯೂಜಿಐಎಸ್ ಪುಕ್ಕಟೆ, ನಿಮ್ಮ ಕೆಲಸಕ್ಕೆ ಬೇಕಾದ್ದೆಲ್ಲ ಅದರಲ್ಲಿದೆ. ಪೈಥಾನ್ ಈಗ ಬೇಡವೇ ಬೇಡ. ಗುಡ್ಡಕ್ಕೆ ಹೋಗುವಾಗ ಮೊಬೈಲಿನಲ್ಲಿ ಕ್ಯೂಫೀಲ್ಡ್ ಆ್ಯಪ್ ಹಾಕಿಕೊಳ್ಳಿ, ನೆಟ್ ಇಲ್ಲದ ಕಡೆಯೂ ನಡೆಯುತ್ತದೆ.

ಪ್ರಶ್ನೆ ಯಾವುದು ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಚುಕ್ಕಿ ಹಾಕಿ, ನೋಡಿ, ಏನಾದರೂ ಕಾಣುತ್ತದೆ.

---

ಮುರಕಲ್ಲು

ಹೊಳೆಬದಿಯವರ ಕೊನೆಯ ಮಾತು ಬಿಟ್ಟು ಉಳಿದದ್ದೆಲ್ಲ ಸರಿ. ಚುಕ್ಕಿ ಹಾಕಿ ನೋಡಿದರೆ ಏನಾದರೂ ಕಾಣುತ್ತದೆ ಅನ್ನುವುದು ನಿಜ, ಯಾವಾಗಲೂ ಏನಾದರೂ ಕಾಣುತ್ತದೆ, ಅದೇ ಕಷ್ಟ. ನಾನು ಭೂವಿಜ್ಞಾನದವನು, ಬೇರೆ ಬೇರೆ ಕಡೆಯ ಪ್ರಾಜೆಕ್ಟ್ ವರದಿ ನೋಡುತ್ತಾ ಇರುತ್ತೇನೆ. ಮುಕ್ಕಾಲು ಪಾಲು ಹೀಗೇ ಇರುತ್ತವೆ: ಇಳಿಜಾರಿನ ನಕ್ಷೆ, ಮಣ್ಣಿನ ನಕ್ಷೆ, ಭೂಬಳಕೆಯ ನಕ್ಷೆ, ಎಲ್ಲ ಒಂದರ ಮೇಲೊಂದು ಹಾಕಿ, ಒಂದೊಂದಕ್ಕೆ ಇಷ್ಟಿಷ್ಟು ಅಂಕ ಕೊಟ್ಟು, ಕೊನೆಗೆ ಕೆಂಪು-ಹಳದಿ-ಹಸಿರು. ಆ ಅಂಕ ಯಾಕೆ ಅಷ್ಟು ಅಂತ ಕೇಳಿದರೆ ಉತ್ತರ ಇಲ್ಲ. ನಿಮ್ಮದು ಹಾಗಾಗುವುದು ಬೇಡ ಅಂತ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

"ಎಲ್ಲಿ ಜಾಸ್ತಿ ಇವೆ, ಯಾಕೆ" ಅನ್ನುವುದರಲ್ಲಿ ಒಂದು ಗುಂಡಿ ಇದೆ. ನೀವು ನೂರು ಸುರಂಗ ಗುರುತು ಮಾಡಿ, ಎಲ್ಲವೂ ಇಳಿಜಾರಿನಲ್ಲಿವೆ ಅಂತ ಬರೆದರೆ, ನಾನು ಕೇಳುವುದು: ನಿಮ್ಮ ಪಂಚಾಯತಿನಲ್ಲಿ ಮನೆಗಳು ಎಲ್ಲಿವೆ? ಅವೂ ಗುಡ್ಡದ ಬುಡದಲ್ಲಿ, ತೋಟದ ಮೇಲ್ಗಡೆ ಇಳಿಜಾರಿನಲ್ಲೇ ಅಲ್ವಾ? ಹಾಗಾದರೆ ನೀವು ಕಂಡುಹಿಡಿದದ್ದು ಮನೆ ಇರುವ ಜಾಗವನ್ನು, ಸುರಂಗದ ಕಾರಣವನ್ನಲ್ಲ. ಸುರಂಗ ಇಲ್ಲದ ಮನೆಗಳಿಗೂ ಹೋಗಬೇಕು. ಕೊರೆದು ನೀರು ಸಿಗದೆ ಬಿಟ್ಟ ಸುರಂಗಗಳನ್ನು ಹುಡುಕಬೇಕು, ಅವೇ ಎಲ್ಲಕ್ಕಿಂತ ಬೆಲೆಬಾಳುವ ಚುಕ್ಕಿಗಳು. ಯಾರೂ ತೋರಿಸುವುದಿಲ್ಲ, ಕೇಳಿದರೆ ಮಾತ್ರ ಹೇಳುತ್ತಾರೆ. ಮತ್ತೆ, ರಸ್ತೆ ಬದಿಯ, ಪರಿಚಯದ ಮನೆಗಳ ಸುರಂಗಗಳೇ ಮೊದಲು ಲೆಕ್ಕಕ್ಕೆ ಬರುತ್ತವೆ. ಆಮೇಲೆ ನಕ್ಷೆಯಲ್ಲಿ "ರಸ್ತೆಯ ಹತ್ತಿರ ಸುರಂಗ ಜಾಸ್ತಿ" ಅಂತ ಕಾಣುತ್ತದೆ! ಅದಕ್ಕೆ ಒಂದು ಉಪಾಯ ಇದೆ. ಪಂಚಾಯತಿನ ಮೇಲೆ ಚೌಕಗಳನ್ನು ಹಾಕಿ, ಕೆಲವನ್ನು ಚೀಟಿ ಎತ್ತಿದ ಹಾಗೆ ಆರಿಸಿ (ಕ್ಯೂಜಿಐಎಸ್ ಇದನ್ನು ತಾನೇ ಮಾಡುತ್ತದೆ), ಆ ಚೌಕದೊಳಗಿನ ಪ್ರತಿ ಮನೆಗೂ ಹೋಗಿ. ಪೂರ್ತಿ ಪಂಚಾಯತು ಅರ್ಧಂಬರ್ಧ ನೋಡುವುದಕ್ಕಿಂತ ನಾಲ್ಕು ಚೌಕ ಪೂರ್ತಿ ನೋಡುವುದು ಮೇಲು.

ಇನ್ನು ಸುರಂಗ ಅಂದರೆ ಚುಕ್ಕಿಯೇ ಅಲ್ಲ. ನೀವು ಗುರುತು ಮಾಡಿದ್ದು ಬಾಯಿಯನ್ನು. ನೀರು ಹುಟ್ಟುವುದು ಒಳಗೆ, ಗುಡ್ಡದ ಹೊಟ್ಟೆಯಲ್ಲಿ, ಅದು ಪಕ್ಕದವರ ಜಾಗದ ಅಡಿಯಲ್ಲೂ ಇರಬಹುದು. ಬಾಯಿಯಿಂದ ಬೋರಿಗೆ ಎಷ್ಟು ದೂರ ಅಂತ ಅಳೆದರೆ ಅರ್ಥ ಇಲ್ಲ. ಬಾಯಿಯ ಹತ್ತಿರ ನಿಂತು ದಿಕ್ಸೂಚಿಯಲ್ಲಿ ದಿಕ್ಕು ನೋಡಿ, ಉದ್ದ ಎಷ್ಟು ಅಂತ ಕೊರೆದವರನ್ನು ಕೇಳಿ (ಕೋಲಿನ ಲೆಕ್ಕದಲ್ಲಿ ಹೇಳುತ್ತಾರೆ, ಅವರ ಕೋಲು ಎಷ್ಟು ಅಡಿ ಅಂತಲೂ ಕೇಳಿ ಬರೆದಿಡಿ), ಚುಕ್ಕಿಯ ಬದಲು ಗೆರೆ ಎಳೆಯಿರಿ. ಒಳಗೆ ಜಿಪಿಎಸ್ ಸಿಗುವುದಿಲ್ಲ, ಒಳಗೆ ಹೋಗುವುದೂ ಬೇಡ.

ಎತ್ತರದ ವಿಷಯದಲ್ಲಿ ಮೊಬೈಲನ್ನು ನಂಬಬೇಡಿ. ಅಡಿಕೆ ತೋಟದೊಳಗೆ ಜಾಗವೇ ಹತ್ತಾರು ಮೀಟರ್ ತಪ್ಪಬಹುದು, ಎತ್ತರ ಅದಕ್ಕಿಂತ ಕೆಟ್ಟದು. ಎಸ್‌ಆರ್‌ಟಿಎಂ ಎತ್ತರದ ಮಾಹಿತಿ ಎಲ್ಲರೂ ಇಳಿಸಿಕೊಳ್ಳುತ್ತಾರೆ. ಅದು 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರೇಡಾರ್ ಹಾಕಿ ಅಳೆದದ್ದು. ಅದರ ಒಂದು ಚೌಕ 30 ಮೀಟರ್, ಅಂದರೆ 900 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಸುಮಾರು 22 ಸೆಂಟ್ಸ್. ಅಷ್ಟು ಜಾಗಕ್ಕೆ ಒಂದೇ ಎತ್ತರ! ಅದೂ ನೆಲದ್ದಲ್ಲ, ಮರ ಇರುವಲ್ಲಿ ಮರದ ತಲೆಯನ್ನೂ ಸೇರಿಸಿಕೊಂಡದ್ದು. ಗುಡ್ಡ ಯಾವ ಕಡೆಗೆ ಇಳಿಯುತ್ತದೆ, ನೀರು ಯಾವ ಹಳ್ಳಕ್ಕೆ ಸೇರುತ್ತದೆ, ಇದಕ್ಕೆಲ್ಲ ಸಾಕು. ಸುರಂಗದ ಬಾಯಿ ತೋಟಕ್ಕಿಂತ ಎಷ್ಟು ಮೇಲಿದೆ ಅಂತ ಅದರಿಂದ ಹೇಳಲಾಗದು. ಅದಕ್ಕೆ ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ನೀರಿನ ಪೈಪು ಸಾಕು.

---

ಪೆರ್ಲದವಳು

ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಚುಕ್ಕಿಗಳು ಊರಿಗೆ ವಾಪಸ್ ಬಂದವು. ಹೆಸರುಗಳೂ ಸರಿ ಕಾಣುತ್ತಿವೆ.

ಇನ್ನೊಂದು ಕೇಳಬೇಕಿತ್ತು. ಬೋರಿನಿಂದ ಸುರಂಗ ಒಣಗಿತು ಅಂತ ತೋರಿಸಲು ಆಗುತ್ತದಾ? ಮತ್ತೆ ಅಡಿಕೆ, ರಬ್ಬರು ಜಾಸ್ತಿ ಆದದ್ದನ್ನು ಉಪಗ್ರಹದ ಚಿತ್ರದಿಂದ ನೋಡಬಹುದಾ? ಗೈಡ್ ಭೂಬಳಕೆ ನಕ್ಷೆ ಬೇಕೇ ಬೇಕು ಅನ್ನುತ್ತಾರೆ.

---

ಗಡಿನಾಡ ಮಾಷ್ಟ್ರು

ನಿವೃತ್ತ ಅಧ್ಯಾಪಕ ನಾನು, ಜಿಐಎಸ್ ಕಲಿತದ್ದು ಕೆಲಸ ಬಿಟ್ಟ ಮೇಲೆ, ಊರಿನ ಹಳೇ ನಕ್ಷೆಗಳ ಹುಚ್ಚಿಗೆ. ಹಾಗಾಗಿ ತಾಂತ್ರಿಕ ವಿಷಯ ಅವರಿಗೆ ಬಿಡುತ್ತೇನೆ. ಗಡಿಗಳ ಬಗ್ಗೆ ಮಾತ್ರ ಎರಡು ಮಾತು.

ನೀವು ಹಿಂದಿನ ಅಂಕಿಅಂಶ ತೆಗೆದು ಈಗಿನದಕ್ಕೆ ಹೋಲಿಸಲು ಹೋಗುತ್ತೀರಿ, ಅದು ಖಂಡಿತ. ಆಗ ನೆನಪಿಡಿ: 1951ರ ಜನಗಣತಿಯಲ್ಲಿ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1956ರ ನವೆಂಬರ್ 1ಕ್ಕೆ ಕೇರಳಕ್ಕೆ ಹೋಯಿತು, ಆಮೇಲೆ ಕಣ್ಣೂರು ಜಿಲ್ಲೆಯೊಳಗೆ ಇತ್ತು, ಸ್ವಂತ ಜಿಲ್ಲೆ ಆದದ್ದು 1984ರ ಮೇ 24ಕ್ಕೆ. 2011ರ ಗಣತಿ ಪುಸ್ತಕದಲ್ಲಿ ಜಿಲ್ಲೆಗೆ ಎರಡೇ ತಾಲೂಕು, ಕಾಸರಗೋಡು ಮತ್ತು ಹೊಸದುರ್ಗ. ಮಂಜೇಶ್ವರ, ವೆಳ್ಳರಿಕುಂಡು ತಾಲೂಕುಗಳು ಅದರ ನಂತರ ಬಂದವು. ಈಗಿನ ತಾಲೂಕು ನಕ್ಷೆಗೆ ಹಳೇ ಅಂಕಿ ಅಂಟಿಸಿದರೆ ಸಾಫ್ಟ್‌ವೇರ್ ತಕರಾರು ಮಾಡುವುದಿಲ್ಲ, ಸುಮ್ನೆ ತಪ್ಪು ನಕ್ಷೆ ಕೊಡುತ್ತದೆ. ಪಂಚಾಯತಿನ ವಾರ್ಡುಗಳಂತೂ ಕೇಳುವುದೇ ಬೇಡ, ಚುನಾವಣೆಗೆ ಮುಂಚೆ ಗೆರೆ ಬದಲಾಗುತ್ತದೆ. ಕಂದಾಯ ಗ್ರಾಮವೇ ಬೇರೆ, ಪಂಚಾಯತೇ ಬೇರೆ, ಅದೂ ತಲೆಯಲ್ಲಿರಲಿ.

ಹೆಸರು ನೋಡಿ ಪಟ್ಟಿ ಜೋಡಿಸಬೇಡಿ. ಒಂದು ಇಲಾಖೆಯಲ್ಲಿ ಬದಿಯಡ್ಕ, ಇನ್ನೊಂದರಲ್ಲಿ ಬದಿಯಡುಕ್ಕ, ಒಂದರಲ್ಲಿ ಮಂಜೇಶ್ವರ, ಇನ್ನೊಂದರಲ್ಲಿ ಮಂಜೇಶ್ವರಂ. ಗಣತಿ ಕೋಡ್ ಇದ್ದರೆ ಅದರಿಂದಲೇ ಜೋಡಿಸಿ.

ಇದಕ್ಕಿಂತ ದೊಡ್ಡದು ನಿಮ್ಮ ಊರಿನ ಗಡಿ. ಎಣ್ಮಕಜೆಯ ಆಚೆ ಕರ್ನಾಟಕ. ಕೇರಳದ ಡೇಟಾ ಅಲ್ಲಿ ನಿಲ್ಲುತ್ತದೆ, ನೀರು ನಿಲ್ಲುತ್ತದಾ? ಸುರಂಗಗಳು ಬಂಟ್ವಾಳ ತಾಲೂಕಿನಲ್ಲೂ ಇವೆ. ನಮ್ಮ ಚಂದ್ರಗಿರಿಯನ್ನೇ ನೋಡಿ, ಪಯಸ್ವಿನಿ ಅಂತ ಕೊಡಗಿನ ಬೆಟ್ಟದಲ್ಲಿ ಹುಟ್ಟಿ, ಸುಳ್ಯ ದಾಟಿ, ಇಲ್ಲಿ ಬಂದು ಸಮುದ್ರ ಸೇರುತ್ತದೆ. ಎಷ್ಟೋ ವರದಿಗಳಲ್ಲಿ ಹೊಳೆ ರಾಜ್ಯದ ಗಡಿಯಲ್ಲೇ ಹುಟ್ಟಿದ ಹಾಗೆ ಚಿತ್ರ ಇರುತ್ತದೆ, ನೋಡಿದರೆ ನಗು ಬರುತ್ತದೆ. ಎತ್ತರದ ಮಾಹಿತಿಯಿಂದ ಮೊದಲು ಜಲಾನಯನದ ಗೆರೆ ತೆಗೆಯಿರಿ, ಅದರೊಳಗೆ ಕೆಲಸ ಮಾಡಿ. ಆಚೆ ಕಡೆಯ ಗ್ರಾಮದ ಗಡಿಗಳು ಕರ್ನಾಟಕ ಸರಕಾರದ ಕೆ-ಜಿಐಎಸ್ ತಾಣದಲ್ಲಿ ನೋಡಲು ಸಿಗುತ್ತವೆ.

ಹಳೇ ಸರ್ವೆ ಆಫ್ ಇಂಡಿಯಾ ಹಾಳೆ ಸಿಕ್ಕಿದರೆ (ನಿಮ್ಮ ಕಡೆಯದು 48ಪಿ ಸಾಲಿನಲ್ಲಿ ಬರುತ್ತದೆ) ಬಿಡಬೇಡಿ. ಹಳೇ ಕಾಲುದಾರಿ, ಗದ್ದೆ, ಮದಕ (ಕೆರೆ), ಎಲ್ಲ ಅದರಲ್ಲಿವೆ. ಆದರೆ ಅವು ಎವರೆಸ್ಟ್ ಅನ್ನುವ, ಭೂಮಿಯ ಆಕಾರದ ಹಳೇ ಲೆಕ್ಕದ ಹಾಳೆಗಳು. ಅಂಚಿನಲ್ಲಿ ಬರೆದ ಅಕ್ಷಾಂಶ-ರೇಖಾಂಶವನ್ನು ಈಗಿನ ಜಿಪಿಎಸ್ ಲೆಕ್ಕವಾದ ಡಬ್ಲ್ಯೂಜಿಎಸ್ 84 ಅಂತ ಕೊಟ್ಟರೆ ಇಡೀ ಹಾಳೆ ಪಕ್ಕಕ್ಕೆ ಜಾರುತ್ತದೆ. ಹಾಳೆಯಲ್ಲೂ ಈಗಲೂ ಇರುವ ದೇವಸ್ಥಾನ, ಸೇತುವೆ, ಕವಲು ದಾರಿ ಹಿಡಿದು ಸರಿಯಾಗಿದೆಯಾ ಅಂತ ನೋಡಿಕೊಳ್ಳಿ.

---

ಮುರಕಲ್ಲು

ಮಾಷ್ಟ್ರು ಹೇಳಿದ ಗಡಿಯ ಮಾತು ಮುತ್ತು.

ಬೋರಿನ ಪ್ರಶ್ನೆಗೆ ಬರುತ್ತೇನೆ. ಬೋರು ಹತ್ತಿರ ಇರುವ ಸುರಂಗಗಳು ಜಾಸ್ತಿ ಒಣಗಿವೆ ಅಂತ ನಕ್ಷೆ ತೋರಿಸಿತು ಅಂತಿಟ್ಟುಕೊಳ್ಳಿ. ಬೋರಿನಿಂದ ಸುರಂಗ ಒಣಗಿತಾ, ಸುರಂಗ ಒಣಗಿತು ಅಂತ ಬೋರು ಹಾಕಿದರಾ? ನಕ್ಷೆಯಲ್ಲಿ ಎರಡೂ ಒಂದೇ ರೀತಿ ಕಾಣುತ್ತವೆ. ಬೋರು ಹಾಕಿದ ವರ್ಷ, ನೀರು ಕಮ್ಮಿ ಆದ ವರ್ಷ, ಎರಡನ್ನೂ ಮನೆಯವರಿಂದ ಬೇರೆ ಬೇರೆಯಾಗಿ ಕೇಳಬೇಕು. "ಯಾವ ಇಸವಿ" ಅಂದರೆ ಯಾರಿಗೂ ನೆನಪಿರುವುದಿಲ್ಲ, ಮಗಳ ಮದುವೆಗೆ ಮೊದಲಾ ಆಮೇಲಾ, ಹೊಸ ಮನೆ ಕಟ್ಟುವಾಗ ಇತ್ತಾ, ಹೀಗೆ ಕೇಳಿ. ಇನ್ನೂ ನೀರು ಇರುವ ಸುರಂಗಗಳಲ್ಲಿ ಬಕೆಟು, ಮೊಬೈಲಿನ ಸ್ಟಾಪ್‌ವಾಚು ಹಿಡಿದು ಒಂದು ಬಕೆಟು ತುಂಬಲು ಎಷ್ಟು ಸೆಕೆಂಡು ಅಂತ ನೋಡಿ. ಡಿಸೆಂಬರಿನಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ. ಆ ಎರಡು ಸಂಖ್ಯೆಗಳ ವ್ಯತ್ಯಾಸ ನಿಮ್ಮ ಪ್ರಾಜೆಕ್ಟಿನ ಜೀವ. ಅದು ಯಾವ ಪೋರ್ಟಲ್‌ನಲ್ಲೂ ಸಿಗುವುದಿಲ್ಲ.

ಲೆಕ್ಕ ಹಾಕುವಾಗ ಒಂದು ಜಾಗ್ರತೆ. ಒಂದೇ ಗುಡ್ಡದ ಸುರಂಗಗಳು ಒಂದೇ ನೀರನ್ನು ಹಂಚಿಕೊಂಡಿರುತ್ತವೆ. ಟೋಬ್ಲರ್ ಅನ್ನುವ ಭೂಗೋಳದ ವಿದ್ವಾಂಸ 1970ರಲ್ಲೇ ಬರೆದಿದ್ದಾನೆ, ಹತ್ತಿರದ ವಸ್ತುಗಳಿಗೆ ದೂರದವುಗಳಿಗಿಂತ ಸಂಬಂಧ ಜಾಸ್ತಿ ಅಂತ. ಹಾಗಾಗಿ ಒಂದೇ ಗುಡ್ಡದ ಇಪ್ಪತ್ತು ಸುರಂಗ ಅಂದರೆ ಇಪ್ಪತ್ತು ಬೇರೆ ಬೇರೆ ಸಾಕ್ಷಿ ಅಲ್ಲ. ಸಾಮಾನ್ಯ ಅಂಕಿಅಂಶದ ಪರೀಕ್ಷೆಗೆ ಇದು ಗೊತ್ತಾಗುವುದಿಲ್ಲ, ಫಲಿತಾಂಶ ಖಚಿತ ಅಂತ ಹೇಳಿಬಿಡುತ್ತದೆ. ಹತ್ತಿರದವು ಎಷ್ಟು ಒಂದೇ ಥರ ಇವೆ ಅಂತ ಹೇಳುವ ಮೊರಾನ್ ಐ ಅಂತ ಒಂದು ಅಳತೆ ಇದೆ, ಅದನ್ನು ಹಾಕಿ ನೋಡಿ, ಮತ್ತೆ ಗುಡ್ಡದ ಹೆಸರಿಗೇ ಒಂದು ಕಾಲಂ ಇಡಿ.

---

ಹೊಳೆಬದಿ

ಮುರಕಲ್ಲು ಅಣ್ಣ ಹೇಳುವುದು ಕೇಳಿದರೆ ಯಾರೂ ಪ್ರಾಜೆಕ್ಟ್ ಶುರುವೇ ಮಾಡಲಿಕ್ಕಿಲ್ಲ ಮಾರಾಯ್ರೆ. ಎಂಎಸ್ಸಿಗೆ ಒಂದು ಸೆಮಿಸ್ಟರ್ ಇರುವುದು. ಆ ಚೌಕದ ಉಪಾಯ ಮಾತ್ರ ಚೆನ್ನಾಗಿದೆ, ಒಪ್ಪಿದೆ.

ಉಪಗ್ರಹದ ಚಿತ್ರದ ಬಗ್ಗೆ. ಸೆಂಟಿನೆಲ್-2 ಪುಕ್ಕಟೆ, 10 ಮೀಟರ್, 2015ರಿಂದ ಈಚೆಗೆ. ಅದರ ಒಂದು ಚೌಕ ಎರಡೂವರೆ ಸೆಂಟ್ಸ್ ಆಯಿತು. ಹಳೆಯದಕ್ಕೆ ಲ್ಯಾಂಡ್‌ಸ್ಯಾಟ್, 30 ಮೀಟರಿನದು 1980ರ ದಶಕದಿಂದ ಇದೆ, 2008ರಿಂದ ಅದೂ ಪುಕ್ಕಟೆ. ಜೂನಿನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಮೋಡ ಬಿಟ್ಟು ಬೇರೇನೂ ಕಾಣುವುದಿಲ್ಲ, ಡಿಸೆಂಬರಿನಿಂದ ಮಾರ್ಚ್ ತನಕದ್ದು ಹುಡುಕಿ. ಅಡಿಕೆ, ತೆಂಗು, ರಬ್ಬರು, ಕಾಡು, ಎಲ್ಲವೂ ಮೇಲಿನಿಂದ ಹಸಿರೇ. ರಬ್ಬರು ಒಂದನ್ನು ಹಿಡಿಯಬಹುದು, ಅದು ಡಿಸೆಂಬರ್‌ನಿಂದ ಫೆಬ್ರವರಿಯೊಳಗೆ ಎಲೆ ಉದುರಿಸುತ್ತದೆ. ಎಲೆ ಉದುರಿದಾಗಿನದು ಒಂದು, ಚಿಗುರಿದ ಮೇಲಿನದು ಒಂದು, ಎರಡು ಚಿತ್ರ ಜೋಡಿಸಿದರೆ ಬೇರೆಯಾಗಿ ಕಾಣುತ್ತದೆ. ಅಡಿಕೆ ಮತ್ತು ತೆಂಗು ಬೇರೆ ಮಾಡುವ ಆಸೆ ಬಿಡಿ, ಒಂದೇ ತೋಟದಲ್ಲಿ ಎರಡೂ ಇರುತ್ತವೆ, ಕೆಳಗೆ ಬಾಳೆ, ಮರಕ್ಕೆ ಕರಿಮೆಣಸು. "ತೋಟ" ಅಂತ ಒಂದೇ ಗುಂಪು ಮಾಡಿ.

ನಿಖರತೆ ಶೇಕಡಾ ಇಷ್ಟು ಅಂತ ಬರೆಯುವ ಮೊದಲು, ಅದನ್ನು ಪರೀಕ್ಷಿಸುವ ಜಾಗಗಳು, ಇದು ತೋಟ, ಇದು ಕಾಡು ಅಂತ ಕಂಪ್ಯೂಟರಿಗೆ ಕಲಿಸಿದ ಜಾಗಗಳೇ ಆಗಿರಬಾರದು. ಇದನ್ನು ಪರೀಕ್ಷಕರು ಕೇಳಿಯೇ ಕೇಳುತ್ತಾರೆ.

ನಿಜ ಹೇಳಬೇಕೆಂದರೆ ನಿಮ್ಮ ಪ್ರಶ್ನೆಗೆ ಭೂಬಳಕೆ ನಕ್ಷೆ ಅಷ್ಟು ಮುಖ್ಯ ಅಲ್ಲ. ಗೈಡ್ ಕೇಳಿದ್ದಾರೆ ಅಂತ ಒಂದು ಹಾಕಿ, ಅದಕ್ಕೇ ಎರಡು ತಿಂಗಳು ಕಳೆಯಬೇಡಿ.

---

ತೋಟದ ಕೆಲಸ

ನಾನು ಓದಿದವನಲ್ಲ, ಕೃಷಿಕ. ನಮ್ಮ ಮನೆಯಲ್ಲೂ ಸುರಂಗ ಇದೆ, ಅಜ್ಜನ ಕಾಲದ್ದು. ನಕ್ಷೆ ಮಾಡುವವರು ಕೇಳಬೇಕಾದ ಒಂದು ಮಾತು ಉಂಟು.

ನಮ್ಮ ಕಡೆಗೆ ಸರ್ವೆ ಅಂತ ಬಂದವರು ಕಮ್ಮಿ ಏನಲ್ಲ. 2000ದ ತನಕ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ ಊರು ನಮ್ಮದು, ಇಲ್ಲಿನ ಪಡ್ರೆ ಗ್ರಾಮದ ಹೆಸರು ಎಲ್ಲ ಕಡೆ ಹೋಯಿತು. ಆಮೇಲೆ ಫಾರ್ಮು ಹಿಡಿದು ಬಂದವರು ಬಂದರು, ಹೋದವರು ಹೋದರು, ಏನು ಬರೆದುಕೊಂಡರು ಅಂತ ಎಷ್ಟೋ ಮನೆಗಳಿಗೆ ತಿರುಗಿ ತಿಳಿಸಲಿಲ್ಲ. ಹಾಗಾಗಿ ನೀವು ಮೊಬೈಲು ತೆಗೆದು ಅಂಗಳದಲ್ಲಿ ನಿಂತು ಜಿಪಿಎಸ್ ಒತ್ತಿದರೆ ಕೆಲವರಿಗೆ ಸಿಟ್ಟು ಬರಬಹುದು. ಮೊದಲು ಕೂತು ಮಾತಾಡಿ.

ನೀರಿರುವ ಸುರಂಗ ಎಲ್ಲಿ ಉಂಟು ಅಂತ ಮನೆಗುರುತಿನ ಸಮೇತ ನಕ್ಷೆಯನ್ನು ಇಂಟರ್‌ನೆಟ್ಟಿಗೆ ಹಾಕಬೇಡಿ. ಪಕ್ಕದವರ ಜಾಗದ ಅಡಿಗೆ ಸುರಂಗ ಹೋದದ್ದು ಗೊತ್ತಾದರೆ ಜಗಳ ಆಗುತ್ತದೆ. ಬೋರಿನ ಲೆಕ್ಕ ಕೇಳಿದರೂ ಕೆಲವರು ಹೇಳಲಿಕ್ಕಿಲ್ಲ.

ಇನ್ನೊಂದು, ಸುರಂಗದ ನೀರು ಕಮ್ಮಿ ಆದದ್ದು ಬೋರಿನಿಂದ ಮಾತ್ರ ಅಲ್ಲ. ಮೇಲಿನ ಪದವಿನಲ್ಲಿ (ಗುಡ್ಡದ ತಲೆಯ ಬಯಲು) ಮುರಕಲ್ಲು ತೆಗೆದ ಪಣೆಗಳು ಎಷ್ಟು ಉಂಟು ನೋಡಿ. ಗುಡ್ಡದ ತಲೆಯೇ ಹೋದ ಮೇಲೆ ಮಳೆ ನೀರು ಎಲ್ಲಿ ಇಂಗುವುದು? ಅದು ಮೇಲಿನಿಂದ ತೆಗೆದ ಚಿತ್ರದಲ್ಲಿ ಚಂದ ಕಾಣುತ್ತದೆ, ಚೌಕ ಚೌಕ ಕೆಂಪಗೆ. ಏತಡ್ಕದ ಕಡೆ ಹೊಳೆಗೆ ಕಟ್ಟ ಹಾಕುವವರು ಇದ್ದಾರೆ. ಕಟ್ಟ ಇರುವಲ್ಲಿ ಕೆಳಗಿನ ಬಾವಿಗಳಲ್ಲಿ ನೀರು ನಿಲ್ಲುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

---

ಹೊಳೆಬದಿ

ಇವರು ಹೇಳಿದ ಪಣೆಯ ವಿಷಯ ನಮ್ಮಿಬ್ಬರ ತಲೆಗೂ ಬರಲಿಲ್ಲ ನೋಡಿ! ಭೂಬಳಕೆ ನಕ್ಷೆಗೆ ಈಗ ಕೆಲಸ ಸಿಕ್ಕಿತು. ಕೆಂಪು ಮಣ್ಣು ಬಯಲಾದ ಜಾಗ ಸೆಂಟಿನೆಲ್‌ನಲ್ಲಿ ಸುಲಭಕ್ಕೆ ಸಿಗುತ್ತದೆ. ಅಡಿಕೆ-ರಬ್ಬರು ಬಿಟ್ಟು ಪಣೆ ಮಾತ್ರ ಬಿಡಿಸಿ, ವರ್ಷ ವರ್ಷಕ್ಕೆ ಎಷ್ಟು ಹರಡಿತು ಅಂತ. ಸಣ್ಣ ಪಣೆಗಳಿಗೆ ಗೂಗಲ್ ಅರ್ತ್‌ನ ಹಳೇ ಚಿತ್ರಗಳ ಮೇಲೆ ಕೈಯಲ್ಲೇ ಗೆರೆ ಎಳೆಯಿರಿ. ಹುಲ್ಲು ಒಣಗಿದ ಪದವು ಕೂಡ ಕೆಲವು ಸಲ ಪಣೆಯ ಹಾಗೆ ಕಾಣುತ್ತದೆ, ಅನುಮಾನ ಬಂದದ್ದಕ್ಕೆ ಗುಡ್ಡ ಹತ್ತಿ.

---

ಪೆರ್ಲದವಳು

ಪಣೆ ನಮ್ಮ ಮನೆಯ ಮೇಲೆಯೇ ಇದೆ, ನನಗೂ ಹೊಳೆದಿರಲಿಲ್ಲ. ಎಲ್ಲರ ಮಾತು ಓದಿ ಹೀಗೆ ಮಾಡಿಕೊಂಡೆ: ಪಂಚಾಯತು ಪೂರ್ತಿ ಅಲ್ಲ, ಎರಡು ಗುಡ್ಡ ಮಾತ್ರ. ಒಂದರ ತಲೆಯಲ್ಲಿ ಪಣೆ ಇದೆ, ಇನ್ನೊಂದರಲ್ಲಿ ಇಲ್ಲ. ಎರಡರ ಬುಡದ ಪ್ರತಿ ಮನೆಗೂ ಹೋಗಿ, ಸುರಂಗ ಇದ್ದರೂ ಇಲ್ಲದಿದ್ದರೂ ಬರೆದುಕೊಂಡು, ಡಿಸೆಂಬರಿನ ನೀರು, ಏಪ್ರಿಲ್‌ನ ನೀರು ಹೋಲಿಸುವುದು. ಬೋರಿನ ವರ್ಷವನ್ನೂ ಕೇಳುತ್ತೇನೆ. ವರದಿಯ ನಕ್ಷೆಯಲ್ಲಿ ಮನೆಗಳನ್ನು ತೋರಿಸುವುದಿಲ್ಲ, ಗುಡ್ಡದ ಆಕಾರ ಮತ್ತು ಒಟ್ಟು ಲೆಕ್ಕ ಮಾತ್ರ. ಇದು ಆಗಬಹುದಾ ಮುರಕಲ್ಲು ಸರ್?

---

ಮುರಕಲ್ಲು

ಆಗಬಹುದು. ಎರಡೇ ಗುಡ್ಡ ಅಂದರೆ ಪಣೆಯೇ ಕಾರಣ ಅಂತ ಸಾಧಿಸಿದ ಹಾಗೆ ಆಗುವುದಿಲ್ಲ, ಗುಡ್ಡ ಗುಡ್ಡಕ್ಕೆ ಕಲ್ಲು ಬೇರೆ ಇರುತ್ತದೆ, ಅದನ್ನು ವರದಿಯಲ್ಲಿ ನೀವೇ ಮೊದಲು ಬರೆದುಬಿಡಿ, ಪರೀಕ್ಷಕರು ಹೇಳುವ ತನಕ ಕಾಯಬೇಡಿ. ಸಾಧ್ಯವಾದರೆ ಪಣೆ ಇಲ್ಲದ ಇನ್ನೊಂದು ಗುಡ್ಡ ಸೇರಿಸಿ. ಕ್ಯೂಫೀಲ್ಡ್ ಫಾರ್ಮಿನಲ್ಲಿ "ಬತ್ತಿದೆ", "ನೀರು ಸಿಗದೆ ಬಿಟ್ಟದ್ದು", "ಮನೆಯವರು ಹೇಳಲಿಲ್ಲ" ಮೂರಕ್ಕೂ ಬೇರೆ ಬೇರೆ ಆಯ್ಕೆ ಇಡಿ, ಎಲ್ಲವನ್ನೂ ಸೊನ್ನೆ ಅಂತ ಬರೆಯಬೇಡಿ. ಡಿಸೆಂಬರ್ ಹತ್ತಿರ ಬಂತು, ಫಾರ್ಮು ಮಾಡಿ ಇಲ್ಲಿ ಹಾಕಿ, ನೋಡುತ್ತೇನೆ.